‘ಆದೇಶ ಕೊಡಿ’ ಅನ್ನುವ ಆದೇಶ: ಹೈಕೋರ್ಟಿನ ಜಿಎಂ-ಸಿಪಿಸಿ ಅರ್ಜಿ ಬಳಸಿ ನೋಡಿದ ಮೇಲೆ

ನನ್ನ ಕೇಸಿನ ಆರ್ಡರ್ ಶೀಟಿನಲ್ಲಿ, ಅಂದರೆ ಪ್ರತಿ ತಾರೀಖಿಗೂ ಕೋರ್ಟಿನಲ್ಲಿ ಏನಾಯಿತು ಅಂತ ಬರೆದಿಡುವ ಹಾಳೆಯಲ್ಲಿ, ‘ಐ.ಎ. 1ರ ಮೇಲೆ ಆದೇಶಕ್ಕೆ’ ಅನ್ನುವ ಸಾಲು ಒಂಬತ್ತು ಸಲ ಇದೆ. ಒಂದು ಸಲ ಜಡ್ಜ್ ಸಾಹೇಬರು ರಜೆ. ಒಂದು ಸಲ ತರಬೇತಿ. ಒಂದು ಸಲ ವಕೀಲರು ಕಲಾಪಕ್ಕೆ ಬರಲಿಲ್ಲ. ಉಳಿದ ಆರು ಸಲ ಕಾರಣವೇ ಇಲ್ಲ, ‘ಆದೇಶ ಸಿದ್ಧವಿಲ್ಲ’ ಅಂತ ಬರೆದು ಮುಂದಿನ ತಾರೀಖು ಹಾಕಿದ್ದಾರೆ, ಅಷ್ಟೇ. ವಾದ ಮುಗಿದು ಹನ್ನೊಂದು ತಿಂಗಳಾದ ಮೇಲೆ ನಾನು ಹೈಕೋರ್ಟಿನ ಬಾಗಿಲು ತಟ್ಟಿದೆ. ಅಲ್ಲಿ ಏನು ಕೇಳಿದೆ, ಎಷ್ಟು ಖರ್ಚಾಯಿತು, ಏನು ಸಿಕ್ಕಿತು, ಏನು ಸಿಗಲೇ ಇಲ್ಲ ಅಂತ ಬರೆದಿಡುತ್ತಿದ್ದೇನೆ. ಇದೇ ದಾರಿ ಹಿಡಿಯೋಣ ಅಂತ ಯೋಚಿಸುತ್ತಿರುವವರಿಗೆ ಬೇಕಾಗಬಹುದು. ನಕ್ಷತ್ರ ಕೊಡಬೇಕು ಅಂದರೆ ಐದಕ್ಕೆ ಮೂರೂವರೆ. ಮೊದಲು ಒಂದೂವರೆ ಅಂತಲೇ ಅಂದುಕೊಂಡಿದ್ದೆ.

ಜಗಳ ದೊಡ್ಡದೇನಲ್ಲ. ನಮ್ಮ ಮನೆಗೂ ಪಕ್ಕದ ಮನೆಗೂ ಸೇರಿ ಒಂದು ಓಣಿ. ಕ್ರಯಪತ್ರದಲ್ಲಿ ಎಂಟು ಅಡಿ ಅಂತ ಇದೆ. ಪಕ್ಕದವರು ಅದರೊಳಗೆ ಗೋಡೆ ಎಬ್ಬಿಸಲು ಶುರು ಮಾಡಿದರು. ಸೊಂಟದೆತ್ತರಕ್ಕೆ ಬಂದಿದೆ. ಈಗ ಸ್ಕೂಟರ್ ಒಳಗೆ ತರಬೇಕಾದರೆ ಎರಡೂ ಕಡೆಯ ಕನ್ನಡಿ ಮಡಚಬೇಕು. ನಾನು ಸಿವಿಲ್ ಕೋರ್ಟಿನಲ್ಲಿ ದಾವೆ ಹಾಕಿದೆ. ಜೊತೆಗೆ ಐ.ಎ. 1. ಅಂದರೆ ದಾವೆ ಮುಗಿಯುವವರೆಗೆ ಕಟ್ಟಬಾರದು ಅಂತ ತಾತ್ಕಾಲಿಕ ತಡೆಯಾಜ್ಞೆ ಕೇಳುವ ಮಧ್ಯಂತರ ಅರ್ಜಿ. ಸಿವಿಲ್ ಪ್ರಕ್ರಿಯಾ ಸಂಹಿತೆಯ 39ನೇ ಆದೇಶದ 1 ಮತ್ತು 2ನೇ ನಿಯಮ. (ಆ ಸಂಹಿತೆಯ ಅಧ್ಯಾಯಗಳಿಗೂ ‘ಆದೇಶ’ ಅಂತಲೇ ಹೆಸರು, ಜಡ್ಜ್ ಕೊಡುವ ಆದೇಶ ಬೇರೆ.)

ಆ 39ನೇ ಆದೇಶದಲ್ಲೇ 3ಎ ಅಂತ ಇನ್ನೊಂದು ನಿಯಮ ಇದೆ, ಅದರಲ್ಲಿ ಮೂವತ್ತು ದಿನ ಅಂತ ಬರೆದಿದೆ. ಅದನ್ನು ಓದಿ ನಾನು ಕುಣಿದಾಡಿದ್ದೆ. ನಮ್ಮ ಊರಿನ ವಕೀಲರು, ವಯಸ್ಸಾದವರು, ನಕ್ಕುಬಿಟ್ಟರು. ‘ಅದು ಎದುರಾಳಿಯನ್ನು ಕೇಳದೇನೇ ತಡೆ ಕೊಟ್ಟಾಗ ಮಾತ್ರ ಕಣಮ್ಮಾ. ಆಗ ಮೂವತ್ತು ದಿನದೊಳಗೆ ಇಬ್ಬರನ್ನೂ ಕೇಳಿ ಮುಗಿಸೋಕೆ ನೋಡಬೇಕು. ನಿಮಗೆ ಬರೀ ನೋಟಿಸ್ ಕೊಟ್ಟಿದ್ದಾರೆ, ತಡೆ ಕೊಟ್ಟಿಲ್ಲ’ ಅಂದರು. ಹಾಗಾದರೆ ತೀರ್ಪು ಮೂವತ್ತು ದಿನದೊಳಗೆ, ತೀರಾ ಅಂದರೆ ಅರವತ್ತು ದಿನದೊಳಗೆ ಅಂತ 20ನೇ ಆದೇಶದಲ್ಲಿ ಇದೆಯಲ್ಲ ಅಂದೆ. ‘ಅದು ದಾವೆಯ ತೀರ್ಪಿಗೆ’ ಅಂದರು. ನನಗೆ ಬೇಕಾದ ಕಪಾಟಿನಲ್ಲೇ ಗಡುವು ಇಲ್ಲ ಅಂತಾಯಿತು.

ಹೀಗಾಗಿ ಹೈಕೋರ್ಟು. ನಾನು ಬಳಸಿದ್ದು ಸಂವಿಧಾನದ 227ನೇ ವಿಧಿಯ ಅರ್ಜಿ, ಕೆಳಗಿನ ಕೋರ್ಟುಗಳ ಮೇಲೆ ಹೈಕೋರ್ಟಿಗಿರುವ ಮೇಲ್ವಿಚಾರಣೆಯನ್ನು ಬಳಸಿ ಅನ್ನುವ ಅರ್ಜಿ. ಕರ್ನಾಟಕ ಹೈಕೋರ್ಟಿನ ಕಾಸ್ ಲಿಸ್ಟಿನಲ್ಲಿ (ಆ ದಿನದ ಕೇಸುಗಳ ಪಟ್ಟಿಯಲ್ಲಿ) ಇಂಥವು ‘ಜಿಎಂ-ಸಿಪಿಸಿ’ ಅಂತ ಬರುತ್ತವೆ. ವಕೀಲರ ಬಾಯಲ್ಲೂ ಅದೇ ಹೆಸರು. ‘ಒಂದು ಜಿಎಂ-ಸಿಪಿಸಿ ಹಾಕೋಣ’ ಅಂದರೆ, ಸಿವಿಲ್ ಕೋರ್ಟಿನಲ್ಲಿ ಏನೋ ಸಿಕ್ಕಿಕೊಂಡಿದೆ, ಮೇಲಿನಿಂದ ಬಿಡಿಸೋಣ ಅಂತ ಅರ್ಥ.

ನಾನು ಬ್ಯಾಂಕಿನಲ್ಲಿ ಮೂವತ್ತೊಂದು ವರ್ಷ ಕೆಲಸ ಮಾಡಿ ನಿವೃತ್ತಳಾದವಳು. ಕಾಗದ ಓದದೆ ಸಹಿ ಹಾಕುವ ಅಭ್ಯಾಸ ಇಲ್ಲ. ಹೈಕೋರ್ಟಿನ ವಕೀಲರು ಚಿಕ್ಕ ವಯಸ್ಸಿನವರು, ನನ್ನ ಮಗನಿಗಿಂತ ಎರಡು ವರ್ಷ ದೊಡ್ಡವರಿರಬಹುದು. ಕರಡು ಕಳಿಸಿದ್ದರು. ಕೊನೆಯ ಪುಟದಲ್ಲಿ ‘ಪ್ರೇಯರ್’ ಅಂತ ಒಂದು ಜಾಗ ಇರುತ್ತದೆ, ಕೋರ್ಟಿನಿಂದ ನಮಗೆ ಏನು ಬೇಕು ಅಂತ ಬರೆಯುವ ಜಾಗ. ಅಲ್ಲಿ ಒಂದೇ ಸಾಲು: ‘ಐ.ಎ. 1ನ್ನು ಆದಷ್ಟು ಬೇಗ ಇತ್ಯರ್ಥ ಮಾಡುವಂತೆ ವಿಚಾರಣಾ ನ್ಯಾಯಾಲಯಕ್ಕೆ ನಿರ್ದೇಶಿಸಬೇಕು’. ನನಗೆ ಸಮಾಧಾನವಾಗಲಿಲ್ಲ. ಕೆಳಗೆ ಪೆನ್ನಿನಲ್ಲಿ ಎರಡನೇ ಸಾಲು ನಾನೇ ಸೇರಿಸಿದೆ: ‘ತಡೆಯಾಜ್ಞೆ ಕೊಡುವಂತೆ ನಿರ್ದೇಶಿಸಬೇಕು’.

ಅವರ ಆಫೀಸಿನಲ್ಲಿ ಕೂತಾಗ ಅವರು ಪೆನ್ಸಿಲ್ ತೆಗೆದು ನನ್ನ ಸಾಲನ್ನು ನಿಧಾನಕ್ಕೆ ಅಡ್ಡಗೆರೆ ಎಳೆದು ಹೊಡೆದರು.

‘ಇದು ಆಗಲ್ಲ ಮೇಡಂ.’

‘ಯಾಕಾಗಲ್ಲ? ಹೈಕೋರ್ಟು ಮೇಲೆ ತಾನೇ ಇರೋದು?’

‘ಮೇಲೆ ಇದೆ. ಆದರೆ ಅವರ ಕುರ್ಚಿಯಲ್ಲಿ ಇವರು ಕೂರೋ ಹಾಗಿಲ್ಲ.’

ಆಮೇಲೆ ಅವರು ಎರಡು ಥರದ ಕೆಲಸದ ಬಗ್ಗೆ ಹೇಳಿದರು. ಇಡೀ ಅನುಭವದಲ್ಲಿ ದುಡ್ಡು ಕೊಟ್ಟಿದ್ದಕ್ಕೆ ಮೊದಲು ಸಿಕ್ಕ ಲಾಭ ಅದು. ಒಂದು, ಮಾಡಲೇಬೇಕಾದ ಕೆಲಸ. ಸರಿಯಾಗಿ ಅರ್ಜಿ ಹಾಕಿ ಶುಲ್ಕ ಕಟ್ಟಿದರೆ ಪಾರ್ಟಿಗೆ ಸರ್ಟಿಫೈಡ್ ಕಾಪಿ ಕೊಡಬೇಕು. ಅಲ್ಲಿ ಯೋಚನೆ ಮಾಡುವಂಥದ್ದು ಏನೂ ಇಲ್ಲ. ಕೊಡದಿದ್ದರೆ ‘ಕೊಡು’ ಅಂತ ಮೇಲಿನವರು ನೇರವಾಗಿ ಹೇಳಬಹುದು. ಇನ್ನೊಂದು, ಯೋಚಿಸಿ ಮಾಡಬೇಕಾದ ಕೆಲಸ. ತಡೆಯಾಜ್ಞೆ ಈ ಎರಡನೇ ಜಾತಿ. ಮೇಲ್ನೋಟಕ್ಕೆ ಕೇಸಿನಲ್ಲಿ ಹುರುಳಿದೆಯಾ, ಕೊಟ್ಟರೆ ಯಾರಿಗೆ ಜಾಸ್ತಿ ತೊಂದರೆ, ಕೊಡದಿದ್ದರೆ ಆಮೇಲೆ ದುಡ್ಡಿನಿಂದ ಸರಿಮಾಡಲಾಗದ ನಷ್ಟ ಆಗುತ್ತದಾ? ಈ ಮೂರನ್ನೂ ನೋಡಿ ಆ ಜಡ್ಜೇ ತೂಗಬೇಕು. ಇದೇ ವಿವೇಚನೆ. ‘ತಕ್ಕಡಿ ಕೈಗೆ ತಗೊಳ್ಳಿ’ ಅಂತ ಹೈಕೋರ್ಟು ಹೇಳಬಹುದು. ಮುಳ್ಳು ಯಾವ ಕಡೆ ನಿಲ್ಲಬೇಕು ಅಂತ ಹೇಳುವ ಹಾಗಿಲ್ಲ.

ಒಪ್ಪಿಕೊಂಡೆ. ಮನಸ್ಸಿನಿಂದ ಅಲ್ಲ.

ಮನಸ್ಸು ಒಪ್ಪದೇ ಇದ್ದದ್ದಕ್ಕೆ ಬ್ಯಾಂಕೇ ಕಾರಣ. ನಮ್ಮಲ್ಲೂ ಸಾಲ ಮಂಜೂರು ಮಾಡುವುದು ಮ್ಯಾನೇಜರ್ ವಿವೇಚನೆಗೆ ಬಿಟ್ಟದ್ದು. ಯಾರದೋ ಅರ್ಜಿ ಮೂರು ತಿಂಗಳು ಮೇಜಿನ ಮೇಲೆ ಕೂತರೆ, ಅವರು ಎಲ್ಲಿಗೋ ಹೋಗಿ ಯಾರಿಗೋ ಹೇಳಿಸಿದರೆ, ವಲಯ ಕಚೇರಿಯಿಂದ ಕಾಗದ ಬರುತ್ತಿತ್ತು: ‘ನಿಯಮಾನುಸಾರ ಶೀಘ್ರ ವಿಲೇವಾರಿ ಮಾಡುವುದು’. ಓದಿದರೆ ಎಷ್ಟು ನ್ಯಾಯವಾದ ವಾಕ್ಯ! ಆದರೆ ಆ ಕಾಗದದ ಜೊತೆಗೇ ಒಂದು ಫೋನೂ ಬರುತ್ತಿತ್ತು. ಫೋನ್ ಬರದಿದ್ದರೂ ಮ್ಯಾನೇಜರಿಗೆ ಅರ್ಥವಾಗುತ್ತಿತ್ತು. ‘ವಿಲೇವಾರಿ’ ಅಂದರೆ ‘ಮಂಜೂರು’. ಸಂಜೆಯೊಳಗೆ ಸಹಿ ಬೀಳುತ್ತಿತ್ತು. ಮುಂದೆ ಸಾಲ ವಸೂಲಾಗದಿದ್ದರೆ ಕಾಗದ ಕಳಿಸಿದವರು ಇರುತ್ತಿರಲಿಲ್ಲ, ಸಹಿ ಹಾಕಿದವರು ಸಿಕ್ಕಿಬೀಳುತ್ತಿದ್ದರು. ಹೈಕೋರ್ಟಿನ ಆದೇಶವೂ ಹೀಗೇ ಕೆಲಸ ಮಾಡುತ್ತದೆ ಅಂತ ಒಳಗೊಳಗೇ ಲೆಕ್ಕ ಹಾಕಿದ್ದೆ. ಬಾಯಲ್ಲಿ ‘ಇತ್ಯರ್ಥ ಮಾಡಿ’ ಅನ್ನಲಿ, ಕೆಳಗಿನವರು ಅರ್ಥ ಮಾಡಿಕೊಳ್ಳುತ್ತಾರೆ ಬಿಡು ಅಂತ. ಸುಳ್ಳು ಯಾಕೆ ಹೇಳಲಿ, ಆ ಒಂದು ಆಸೆಗೇ ದುಡ್ಡು ಕಟ್ಟಿದೆ.

ಖರ್ಚು: ವಕೀಲರ ಫೀಸು ಮೂವತ್ತು ಸಾವಿರ. ಟೈಪಿಂಗ್, ಝೆರಾಕ್ಸ್, ಬೈಂಡಿಂಗ್ ಸೇರಿ ಇನ್ನೂ ಮೂರು ಸಾವಿರದಷ್ಟು. ಎರಡು ಸಲ ರೈಲು. ಬೇರೆಯವರು ಜಾಸ್ತಿ ಕೊಟ್ಟದ್ದನ್ನೂ ಕೇಳಿದ್ದೇನೆ, ಕಡಿಮೆ ಕೊಟ್ಟದ್ದನ್ನೂ ಕೇಳಿದ್ದೇನೆ.

ಹಾಕುವ ಮೊದಲು ನನಗಿದ್ದ ಇನ್ನೊಂದು ಹುಚ್ಚು, ಜಡ್ಜನ್ನೇ ಎದುರು ಪಾರ್ಟಿ ಮಾಡಬೇಕು ಅನ್ನುವುದು. ತಡ ಮಾಡಿದ್ದು ಅವರು ತಾನೇ? ಅದಕ್ಕೂ ಬೇಡ ಅಂದರು ವಕೀಲರು. ತನ್ನ ಆದೇಶವನ್ನು ತಾನೇ ಸಮರ್ಥಿಸಿಕೊಳ್ಳುವ ಕೆಲಸ ಕೋರ್ಟಿನದಲ್ಲ, ಅದನ್ನು ಪಾರ್ಟಿ ಮಾಡಬೇಕಾಗಿಲ್ಲ ಅಂತ ಸುಪ್ರೀಂ ಕೋರ್ಟು 2015ರಲ್ಲಿ ಹೇಳಿದೆಯಂತೆ. ಆಮೇಲೆ ಓದಿ ತಿಳಿದುಕೊಂಡೆ, ಅಮೆರಿಕದ ಫೆಡರಲ್ ಕೋರ್ಟುಗಳಲ್ಲಿ ಇಂಥ ಅರ್ಜಿಯ ತಲೆಬರಹದಲ್ಲಿ ಜಡ್ಜಿನ ಹೆಸರೇ ಇರುತ್ತಿತ್ತು. 1996ರಲ್ಲಿ ನಿಯಮ ಬದಲಾಯಿಸಿ ತೆಗೆದರು. ಇಷ್ಟು ಸಣ್ಣ ವಿಷಯಕ್ಕೆ ಅವರಿಗೆ ಅಷ್ಟು ವರ್ಷ ಬೇಕಾಯಿತು ಅಂದಮೇಲೆ, ನನಗೆ ಒಂದು ಮಧ್ಯಾಹ್ನ ಬೇಕಾಗಿದ್ದು ತಪ್ಪಲ್ಲ.

ಅರ್ಜಿ ಹಾಕಿದ ಮೇಲೆ ‘ಆಫೀಸ್ ಅಬ್ಜೆಕ್ಷನ್’ ಬಂತು. ಕೈಬರಹದ ಆರ್ಡರ್ ಶೀಟಿಗೆ ಟೈಪ್ ಮಾಡಿದ ಪ್ರತಿ ಇಲ್ಲ, ಒಂದು ಪುಟ ಸರಿಯಾಗಿ ಕಾಣಿಸುತ್ತಿಲ್ಲ. ಅದನ್ನು ಸರಿಮಾಡಲು ಎರಡು ವಾರ. ಯಾರಾದರೂ ಹಾಕುವವರಿದ್ದರೆ ಮೊದಲೇ ಆರ್ಡರ್ ಶೀಟಿನ ಸರ್ಟಿಫೈಡ್ ಕಾಪಿ ತೆಗೆಸಿ, ಕೂತು ಟೈಪ್ ಮಾಡಿಸಿಟ್ಟುಕೊಳ್ಳಿ. ಆ ಎರಡು ವಾರ ಉಳಿಯುತ್ತದೆ.

ವಿಚಾರಣೆಯ ದಿನ ನಮ್ಮದು 34ನೇ ನಂಬರ್. ಗೋಡೆಯ ಮೇಲಿನ ಬೋರ್ಡಿನಲ್ಲಿ ನಂಬರ್ ಬದಲಾಗುವುದನ್ನೇ ನೋಡುತ್ತಾ ಕೂತಿದ್ದೆ. ಹತ್ತೂಮುಕ್ಕಾಲಿಗೆ 9 ಇತ್ತು. ಹನ್ನೆರಡಾದರೂ 21. ಆಮೇಲೆ ಒಂದೇ ಸಮನೆ 28, 29, 31. ನನ್ನ ಎದೆ ಢವಢವ. 34 ಬಂದಾಗ ವಕೀಲರು ಎದ್ದು ನಿಂತರು. ನ್ಯಾಯಮೂರ್ತಿಗಳು ಪುಟ ತಿರುವಿ ನೇರವಾಗಿ ಕೇಳಿದ ಮೊದಲ ಪ್ರಶ್ನೆ, ‘ಬೇಗ ಆದೇಶ ಕೊಡಿ ಅಂತ ಅಲ್ಲಿ ಕೇಳಿದ್ದೀರಾ?’

‘ಎರಡು ಮೆಮೊ ಹಾಕಿದ್ದೇವೆ ಮೈ ಲಾರ್ಡ್. ಅನೆಕ್ಷರ್ ಎಫ್ ಮತ್ತು ಜಿ.’

ಈ ಎರಡು ಮೆಮೊ, ಅಂದರೆ ಬೇಗ ಆದೇಶ ಕೊಡಿ ಅಂತ ಕೆಳಗಿನ ಕೋರ್ಟಿಗೆ ಬರೆದುಕೊಟ್ಟ ಕಾಗದ, ಇಲ್ಲದಿದ್ದರೆ ಅಲ್ಲಿಗೇ ಕಥೆ ಮುಗಿಯುತ್ತಿತ್ತು ಅಂತ ಆಮೇಲೆ ಗೊತ್ತಾಯಿತು. ಮೊದಲು ಮನೆಯ ಬಾಗಿಲಲ್ಲಿ ಕೇಳಿ, ಆಮೇಲೆ ಪಂಚಾಯಿತಿಗೆ ಬಾ ಅನ್ನುವ ನ್ಯಾಯ. ನಮ್ಮ ಊರಿನ ವಕೀಲರು ಆ ಮೆಮೊ ಹಾಕಿದಾಗ ನಾನು ಸುಮ್ನೆ ಕಾಗದ ದಂಡ ಅಂತ ಗೊಣಗಿದ್ದೆ. ಅವರ ಮುಂದೆ ಈಗ ಒಪ್ಪಿಕೊಂಡಿದ್ದೇನೆ.

ನ್ಯಾಯಮೂರ್ತಿಗಳು ಆರ್ಡರ್ ಶೀಟ್ ತೆಗೆದರು. ಪೆನ್ನಿನ ತುದಿಯನ್ನು ಸಾಲಿನಿಂದ ಸಾಲಿಗೆ ಇಳಿಸುತ್ತಾ ಹೋದರು. ಎಣಿಸುತ್ತಿದ್ದಾರೆ ಅಂತ ನನಗೆ ಗೊತ್ತಾಯಿತು. ನಾನೂ ಜೊತೆಗೆ ಎಣಿಸಿದೆ. ಒಂಬತ್ತಕ್ಕೆ ಪೆನ್ನು ನಿಂತಿತು. ನಮ್ಮ ವಕೀಲರು ಗೋಡೆಯ ಫೋಟೊ ತೋರಿಸಲು ಹೊರಟರು. ‘ಅದು ಬೇಡ’ ಅಂದರು. ಫೋಟೊ ನೋಡಲೇ ಇಲ್ಲ. ಎಂಟು ಅಡಿಯೋ ನಾಲ್ಕು ಅಡಿಯೋ ಕೇಳಲಿಲ್ಲ. ಗೋಡೆ ಕಟ್ಟಿದವರು ಯಾರು ಅಂತಲೂ ಕೇಳಲಿಲ್ಲ. ಅಲ್ಲೇ ಆದೇಶ ಹೇಳಿ ಬರೆಸಿದರು. ಒಟ್ಟು ನಾಲ್ಕು ನಿಮಿಷ. ಪಕ್ಕದ ಮನೆಯವರಿಗೆ ನೋಟಿಸ್ ಕೂಡ ಹೋಗಲಿಲ್ಲ.

ಆದೇಶ ಎರಡು ಪುಟ. ಸಾರ ಇಷ್ಟೇ. ಐ.ಎ. 1 ವಾದ ಮುಗಿದು ಬಹಳ ಕಾಲ ಆಗಿದೆ. ಎರಡೂ ಕಡೆಯವರ ವಾದ ಗಮನಿಸಿ ಕಾನೂನಿನ ಪ್ರಕಾರ ಆದಷ್ಟು ಬೇಗ ಅದನ್ನು ಇತ್ಯರ್ಥ ಮಾಡಬೇಕು. ಕೊನೆಯಲ್ಲಿ ಒಂದು ವಾಕ್ಯ: ಅರ್ಜಿಯ ಒಳಹುರುಳಿನ ಬಗ್ಗೆ ಈ ಕೋರ್ಟು ಯಾವ ಅಭಿಪ್ರಾಯವನ್ನೂ ಹೇಳಿಲ್ಲ, ವಿಚಾರಣಾ ನ್ಯಾಯಾಲಯ ಈ ಆದೇಶದಿಂದ ಪ್ರಭಾವಿತವಾಗಬಾರದು, ಎಲ್ಲರ ಎಲ್ಲ ವಾದಗಳೂ ಮುಕ್ತ.

ಎರಡು ವಿಷಯಕ್ಕೆ ಸಿಟ್ಟು ಬಂತು. ಮೊದಲನೆಯದು, ಗಡುವು ಇಲ್ಲ. ‘ಆದಷ್ಟು ಬೇಗ’ ಅಂದರೆ ಯಾವಾಗ? ‘ನಾಲ್ಕು ವಾರದೊಳಗೆ’ ಅಂತ ಬರೆಸಬಹುದಿತ್ತಲ್ಲ? ವಕೀಲರು ಹೇಳಿದ್ದು: ಮೊದಲೆಲ್ಲ ಹಾಗೆ ಧಾರಾಳವಾಗಿ ಬರೆಯುತ್ತಿದ್ದರು. 2024ರ ಫೆಬ್ರವರಿ 29ರಂದು ಅಲಹಾಬಾದ್ ಹೈಕೋರ್ಟಿನ ವಕೀಲರ ಸಂಘದ ಕೇಸಿನಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಒಂದು ಮಾತು ಹೇಳಿತು. ಬೇರೆ ಕೋರ್ಟಿನಲ್ಲಿರುವ ಕೇಸು ಇಷ್ಟು ದಿನದೊಳಗೆ ಮುಗಿಯಬೇಕು ಅಂತ ಸಾಂವಿಧಾನಿಕ ಕೋರ್ಟುಗಳು (ಅಂದರೆ ಹೈಕೋರ್ಟು, ಸುಪ್ರೀಂ ಕೋರ್ಟು) ಸಾಮಾನ್ಯವಾಗಿ ಗಡುವು ಹಾಕಬಾರದು, ತೀರಾ ಅಪರೂಪದ ಸಂದರ್ಭ ಬಿಟ್ಟು. ಯಾವುದನ್ನು ಮೊದಲು ತೆಗೆದುಕೊಳ್ಳಬೇಕು ಅನ್ನುವುದು ಆಯಾ ಕೋರ್ಟಿಗೇ ಚೆನ್ನಾಗಿ ಗೊತ್ತು ಅಂತ. ಕೆಳಗಿನ ಕೋರ್ಟಿನ ವಿಚಾರಣೆಗೆ ಮೇಲಿನವರು ಕೊಟ್ಟ ತಡೆಗಳು ಆರು ತಿಂಗಳಿಗೆ ತಾನಾಗಿಯೇ ಬಿದ್ದುಹೋಗುತ್ತವೆ ಅಂತ 2018ರಲ್ಲಿ ಮೂವರ ಪೀಠ ಹೇಳಿದ್ದನ್ನೂ ಅದೇ ತೀರ್ಪು ತೆಗೆದುಹಾಕಿತು.

ಇದು ಕಿರಿಕಿರಿ ಅನ್ನಿಸಿತು, ನಿಜ. ಆದರೆ ನಮ್ಮ ಕೋರ್ಟ್ ಹಾಲಿನಲ್ಲಿ ನನ್ನ ಪಕ್ಕ ಕೂರುತ್ತಿದ್ದ ಒಬ್ಬ ಅಜ್ಜ ನೆನಪಾದರು. ಊರುಗೋಲು ಹಿಡಿದು ಬರುತ್ತಿದ್ದರು. ಅವರ ಅರ್ಜಿ ನನ್ನದಕ್ಕಿಂತ ಹಳೆಯದು, ಅವರದ್ದೂ ‘ಆದೇಶಕ್ಕೆ’. ಅವರ ಹತ್ತಿರ ಮೂವತ್ತು ಸಾವಿರ ಇರಲಿಲ್ಲ. ನನ್ನ ಅರ್ಜಿಗೆ ನಾಲ್ಕು ವಾರದ ಗಡುವು ಸಿಕ್ಕಿದ್ದರೆ ಅವರ ಕಡತ ಕೆಳಗೆ ಹೋಗುತ್ತಿತ್ತು. ಗಡುವು ಇಲ್ಲದೆಯೂ ಸ್ವಲ್ಪ ಹೋಗಿರಬೇಕು. ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ಎರಡನೇ ಸಿಟ್ಟು ಆ ಕೊನೆಯ ವಾಕ್ಯದ ಮೇಲೆ. ನಾನು ದುಡ್ಡು ಕೊಟ್ಟದ್ದೇ ‘ಪ್ರಭಾವ’ಕ್ಕೆ. ಅವರು ಅದನ್ನೇ ಬೇಡ ಅಂತ ಬರೆದಿದ್ದಾರೆ!

ಮುಂದಿನ ಕೆಲಸ ನಾವೇ ಮಾಡಿಕೊಳ್ಳಬೇಕು, ಇದು ಈ ಸೇವೆಯ ದೊಡ್ಡ ಕೊರತೆ. ಹೈಕೋರ್ಟಿನ ಆದೇಶ ತಾನಾಗಿಯೇ ಕೆಳಗೆ ಹೋಗಿ ಕೂರುತ್ತದೆ ಅಂತ ಕಾದರೆ ಕಾಯುತ್ತಲೇ ಇರಬೇಕಾಗುತ್ತದೆ. ನಾನು ಸರ್ಟಿಫೈಡ್ ಕಾಪಿ ತೆಗೆಸಿಕೊಂಡು ಬಂದೆ, ನಮ್ಮ ವಕೀಲರು ಮೆಮೊ ಜೊತೆ ಅದನ್ನು ಹಾಕಿದರು. ತಾರೀಖು ನೋಡಲು ಇ-ಕೋರ್ಟ್ಸ್ ಆ್ಯಪ್ ಇದೆ, ಹದಿನಾರು ಅಕ್ಷರದ ಸಿಎನ್‌ಆರ್ ನಂಬರ್ ಹಾಕಿದರೆ ಸಾಕು. ಆದರೆ ಆದೇಶ ಮೇಲಿನಿಂದ ಕೆಳಗೆ ತಲುಪಿತಾ ಅಂತ ಅದರಲ್ಲಿ ನನಗೆ ಕಾಣಲಿಲ್ಲ.

ಮೆಮೊ ಹಾಕಿದ ದಿನದ್ದು ಹೇಳಲೇಬೇಕು. ನಮ್ಮ ಹಿರಿಯ ವಕೀಲರು ಸ್ವಲ್ಪ ಜೋರಾಗಿಯೇ ಹೇಳಿದರು, ‘ಸ್ವಾಮಿ, ಮಾನ್ಯ ಹೈಕೋರ್ಟೇ ಹೇಳಿದೆ’. ಅವರ ದನಿಯಲ್ಲಿ ನಮ್ಮ ವಲಯ ಕಚೇರಿಯ ಫೋನ್ ಕೇಳಿಸಿತು ನನಗೆ. ಜಡ್ಜ್ ಕಾಪಿ ತೆಗೆದುಕೊಂಡರು. ಮೊದಲ ಪುಟ ಓದಲಿಲ್ಲ. ನೇರ ಎರಡನೇ ಪುಟಕ್ಕೆ ಹೋಗಿ ಆ ಕೊನೆಯ ವಾಕ್ಯವನ್ನು ಎಲ್ಲರಿಗೂ ಕೇಳುವ ಹಾಗೆ ಓದಿದರು. ಆಮೇಲೆ ಕಾಗದವನ್ನು ಕಡತದಲ್ಲಿ ಇಟ್ಟು ಹೇಳಿದರು, ‘ಏನು ಹೇಳಿದೆ ಅಂತ ನೋಡಿದೆ. ಆದೇಶಕ್ಕೆ, ಮುಂದಿನ ಶುಕ್ರವಾರ’. ದನಿಯಲ್ಲಿ ಸಿಟ್ಟಿರಲಿಲ್ಲ. ಹೆದರಿಕೆಯೂ ಇರಲಿಲ್ಲ.

ಆ ಶುಕ್ರವಾರ ಅಲ್ಲ, ಅದರ ಮುಂದಿನ ಶುಕ್ರವಾರ ಆದೇಶ ಬಂತು. ಹೈಕೋರ್ಟಿನ ಆದೇಶದಿಂದ ಲೆಕ್ಕ ಹಾಕಿದರೆ ಐದು ವಾರ. ಹನ್ನೊಂದು ತಿಂಗಳು ಅಲ್ಲಾಡದ್ದು ಐದು ವಾರಕ್ಕೆ ಅಲ್ಲಾಡಿತು.

ಐ.ಎ. 1 ವಜಾ.

ಹನ್ನೊಂದು ಪುಟ. ಕ್ರಯಪತ್ರದಲ್ಲಿ ಎಂಟು ಅಡಿ ಅಂತ ಇದೆ, ಆದರೆ ನಾನು ಹಾಕಿದ ನಕ್ಷೆಯಲ್ಲಿ ಏಳು ಅಡಿ ನಾಲ್ಕು ಅಂಗುಲ ಇದೆ. ಆ ನಕ್ಷೆ ಯಾರು ಬರೆದದ್ದು ಅಂತ ಇಲ್ಲ. ಗೋಡೆ ಓಣಿಯೊಳಗೇ ಇದೆ ಅಂತ ತೋರಿಸಲು ಸರ್ವೆ ಇಲ್ಲ. ಆದ್ದರಿಂದ ಮೇಲ್ನೋಟಕ್ಕೆ ಕೇಸು ಸಾಬೀತಾಗಿಲ್ಲ. ಓದುತ್ತಾ ಓದುತ್ತಾ ಕೈ ನಡುಗಿತು. ಅಂದು ಸಂಜೆ ಹೈಕೋರ್ಟಿನ ವಕೀಲರಿಗೆ ಫೋನ್ ಮಾಡಿ ಕೂಗಾಡಿದೆ. ‘ಹೈಕೋರ್ಟು ಹೇಳಿದರೂ ಹೀಗೆ ಮಾಡಿದ್ದಾರೆ ನೋಡಿ!’

‘ಹೈಕೋರ್ಟು ಏನು ಹೇಳಿತ್ತೋ ಅದನ್ನೇ ಮಾಡಿದ್ದಾರೆ ಮೇಡಂ’ ಅಂದರು. ಅವರು ಒಂದು ಸಲವೂ ದನಿ ಎತ್ತಲಿಲ್ಲ. ಅದಕ್ಕೇ ಅರ್ಧ ನಕ್ಷತ್ರ ಜಾಸ್ತಿ.

ಒಂದು ವಾರ ಯಾರ ಜೊತೆಯೂ ಮಾತಾಡಲಿಲ್ಲ. ಆಮೇಲೆ ಬ್ಯಾಂಕಿನ ಬುದ್ಧಿ ಕೆಲಸ ಮಾಡಿತು. ಉಲ್ಟಾ ಇಟ್ಟು ನೋಡಿದೆ. ಹೈಕೋರ್ಟಿಗೆ ಹೋದದ್ದು ಪಕ್ಕದ ಮನೆಯವರು, ನನಗೆ ನೋಟಿಸೇ ಇಲ್ಲ, ನಾಲ್ಕೇ ನಿಮಿಷದಲ್ಲಿ ‘ಗೋಡೆ ಕಟ್ಟಲು ಬಿಡಿ’ ಅಂತ ಕೆಳಗಿನ ಕೋರ್ಟಿಗೆ ಬರೆಸಿಕೊಂಡು ಬಂದಿದ್ದಾರೆ ಅಂದುಕೊಳ್ಳಿ. ನಾನು ಬೀದಿಯಲ್ಲಿ ಕೂತು ಅಳುತ್ತಿದ್ದೆ. ನಾಲ್ಕು ನಿಮಿಷದಲ್ಲಿ ಆದೇಶ ಸಿಕ್ಕಿದ್ದು, ಎದುರಾಳಿಗೆ ನೋಟಿಸ್ ಬೇಡವಾಗಿದ್ದು, ಫೋಟೊ ನೋಡದೇ ಇದ್ದದ್ದು, ಎಲ್ಲಕ್ಕೂ ಕಾರಣ ಒಂದೇ: ಅಲ್ಲಿ ಯಾರ ಹಕ್ಕೂ ತೀರ್ಮಾನವಾಗುತ್ತಿರಲಿಲ್ಲ. ಈ ಸೇವೆ ಬೇಗ ಸಿಗುವುದೇ ಅದು ಇಷ್ಟು ಚಿಕ್ಕದಾಗಿರುವುದರಿಂದ. ದೊಡ್ಡದು ಬೇಕು ಅಂದಿದ್ದರೆ ನೋಟಿಸ್, ಆಕ್ಷೇಪಣೆ, ತಾರೀಖು, ಮತ್ತೆ ಅದೇ ಆರ್ಡರ್ ಶೀಟ್, ಈ ಸಲ ಹೈಕೋರ್ಟಿನದು.

ಆ ಕೊನೆಯ ವಾಕ್ಯವೂ ಆಗ ಬೇರೆ ಥರ ಕಾಣಿಸಿತು. ನಮ್ಮ ವಲಯ ಕಚೇರಿ ಒಂದೇ ಒಂದು ಸಲ ‘ಮಂಜೂರು ಮಾಡಲೇಬೇಕು ಅಂತ ಇದರ ಅರ್ಥವಲ್ಲ, ನಿಮ್ಮ ತೀರ್ಮಾನ ನಿಮ್ಮದು’ ಅಂತ ಬರೆದಿದ್ದರೆ ನನಗೆ ಗೊತ್ತಿರುವ ಇಬ್ಬರು ಮ್ಯಾನೇಜರುಗಳ ಪಿಂಚಣಿ ಉಳಿಯುತ್ತಿತ್ತು. ಬರೆಯಲಿಲ್ಲ. ಇಲ್ಲಿ ಬರೆದಿದ್ದಾರೆ. ಕೆಳಗಿನ ಜಡ್ಜ್ ಅದನ್ನು ಜೋರಾಗಿ ಓದಿ, ನಂಬಿ, ನನ್ನ ವಿರುದ್ಧವೇ ಆದೇಶ ಕೊಟ್ಟಿದ್ದಾರೆ. ನನ್ನ ಪಾಲಿಗೆ ಅದು ಕೆಟ್ಟ ಶುಕ್ರವಾರ. ಆದರೂ ಆ ವಾಕ್ಯಕ್ಕೇ ಒಂದೂವರೆ ನಕ್ಷತ್ರ ಸೇರಿಸಿದೆ.

ಈ ಕೈಕಟ್ಟು ಹೊಸದೇನಲ್ಲ ಅಂತ ಆಮೇಲೆ ಓದಿದೆ. 227ನೇ ವಿಧಿ ಹೈಕೋರ್ಟಿಗೆ ತನ್ನ ವ್ಯಾಪ್ತಿಯ ಕೋರ್ಟುಗಳ ಮೇಲೆ ಮೇಲ್ವಿಚಾರಣೆ ಕೊಡುತ್ತದೆ. ಅದನ್ನು ಅಪರೂಪಕ್ಕೆ ಬಳಸಬೇಕು, ಕೆಳಗಿನ ಕೋರ್ಟು ತನ್ನ ಗಡಿಯೊಳಗೆ ಇರುವಂತೆ ನೋಡಿಕೊಳ್ಳಲು ಮಾತ್ರ, ಬರೀ ತಪ್ಪು ತಿದ್ದಲು ಅಲ್ಲ ಅಂತ ಸುಪ್ರೀಂ ಕೋರ್ಟು 1954ರಲ್ಲೇ ವರ್ಯಾಮ್ ಸಿಂಗ್ ಕೇಸಿನಲ್ಲಿ ಹೇಳಿದೆ. 2002ರ ಜುಲೈ 1ರಿಂದ ಸಿವಿಲ್ ಪ್ರಕ್ರಿಯಾ ಸಂಹಿತೆಯ 115ನೇ ಸೆಕ್ಷನ್ ಮೊಟಕಾಯಿತು, ಮಧ್ಯಂತರ ಆದೇಶಗಳ ಮೇಲೆ ಹೈಕೋರ್ಟಿಗೆ ರಿವಿಷನ್ (ಮರುಪರಿಶೀಲನೆಯ ಅರ್ಜಿ) ಹಾಕುವ ದಾರಿ ಹೆಚ್ಚುಕಡಿಮೆ ಮುಚ್ಚಿತು. ಆಗ ಜನ ಈ ಕಡೆ ತಿರುಗಿದರು. 2003ರಲ್ಲಿ ಸೂರ್ಯದೇವ್ ರಾಯ್ ಕೇಸಿನಲ್ಲಿ, ಸಿವಿಲ್ ಕೋರ್ಟಿನ ಆದೇಶದ ಮೇಲೆ 226ನೇ ವಿಧಿಯ ರಿಟ್ (ಹೈಕೋರ್ಟಿನ ನೇರ ಆಜ್ಞೆ ಕೇಳುವ ಅರ್ಜಿ) ಕೂಡ ನಡೆಯುತ್ತದೆ ಅಂದಿದ್ದರು. 2015ರಲ್ಲಿ ರಾಧೇಶ್ಯಾಮ್ ಕೇಸಿನಲ್ಲಿ ಮೂವರ ಪೀಠ ಅದನ್ನು ತಪ್ಪು ಅಂದಿತು. ಸಿವಿಲ್ ಕೋರ್ಟಿನ ನ್ಯಾಯಿಕ ಆದೇಶಕ್ಕೆ 226 ಇಲ್ಲ, 227 ಮಾತ್ರ. ಸರ್ಕಾರಿ ಅಧಿಕಾರಿಯ ಮೇಲೆ ಹಾಕುವ ‘ಮ್ಯಾಂಡಮಸ್’ ಅನ್ನೇ ಜಡ್ಜಿನ ಮೇಲೂ ಹಾಕೋಣ ಅನ್ನುವವರು ಇದನ್ನು ನೆನಪಿಟ್ಟುಕೊಂಡರೆ ಫೀಸು ಉಳಿಯುತ್ತದೆ.

ಮ್ಯಾಂಡಮಸ್ ಅಂದರೆ ಲ್ಯಾಟಿನ್ ಭಾಷೆಯಲ್ಲಿ ‘ನಾವು ಆಜ್ಞಾಪಿಸುತ್ತೇವೆ’. ಕನ್ನಡದಲ್ಲಿ ಪರಮಾದೇಶ. ಹೆಸರಿನಲ್ಲಿ ಏನು ಗತ್ತು! ಅಮೆರಿಕದವರು ಜಡ್ಜುಗಳ ಮೇಲೂ ಇದನ್ನು ಬಳಸುತ್ತಾರೆ, ಆದರೆ ಅಲ್ಲೂ ಕೈ ಬಿಗಿ. 2004ರ ಚೇನಿ ಕೇಸಿನಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಮೂರು ಷರತ್ತು ಹೇಳಿದೆ. ಬೇರೆ ದಾರಿ ಇರಬಾರದು, ಹಕ್ಕು ಅನುಮಾನಕ್ಕೆ ಎಡೆ ಇಲ್ಲದಷ್ಟು ಸ್ಪಷ್ಟ ಇರಬೇಕು, ಇಷ್ಟಿದ್ದರೂ ಕೊಡುವುದು ಸರಿ ಅಂತ ಕೋರ್ಟಿಗೆ ಅನ್ನಿಸಬೇಕು. ಕೊನೆಗೆ ಅದೂ ವಿವೇಚನೆಯೇ, ನೋಡಿ.

ಹಾಗಂತ ಹೈಕೋರ್ಟು ಯಾವಾಗಲೂ ‘ಇತ್ಯರ್ಥ ಮಾಡಿ’ ಅಂದು ಸುಮ್ಮನಾಗುತ್ತದೆ ಅಂತಲ್ಲ. ಕೆಳಗಿನ ಜಡ್ಜ್ ‘ನನಗೆ ಅಧಿಕಾರವೇ ಇಲ್ಲ’ ಅಂತ ತಪ್ಪಾಗಿ ಕೈ ತೊಳೆದುಕೊಂಡರೆ, ಅಥವಾ ಯಾರು ನೋಡಿದರೂ ಒಪ್ಪಲಾಗದಷ್ಟು ವಿಪರೀತ ಆದೇಶ ಕೊಟ್ಟರೆ, ಅದನ್ನು ಕಿತ್ತುಹಾಕಿ ಮತ್ತೆ ಯೋಚಿಸಿ ಅಂತ ವಾಪಸ್ ಕಳಿಸಬಹುದು. ನನ್ನ ಹನ್ನೊಂದು ಪುಟ ಆ ಜಾತಿಗೆ ಸೇರಿದ್ದಲ್ಲ. ಏಳು ಅಡಿ ನಾಲ್ಕು ಅಂಗುಲ ನಾನೇ ಮಾಡಿಕೊಂಡ ಎಡವಟ್ಟು.

ಯಾರು ಹಾಕಬೇಕು? ವಾದ ಮುಗಿದಿದೆ, ಎರಡು ಸಲ ಲಿಖಿತವಾಗಿ ಕೇಳಿದ್ದೀರಿ, ತಿಂಗಳುಗಟ್ಟಲೆ ಆದೇಶ ಇಲ್ಲ, ಯಾವುದೋ ಒಂದು ತೀರ್ಮಾನ ಬಂದರೆ ಸಾಕು, ಮುಂದಿನ ಹೆಜ್ಜೆ ಇಡುತ್ತೇನೆ ಅನ್ನುವವರು ಧೈರ್ಯವಾಗಿ ಹಾಕಿ. ಗೆಲ್ಲಿಸಿಕೊಡಿ ಅನ್ನುವವರು ಹಾಕಬೇಡಿ. ಆದೇಶ ಬಂದಿದೆ, ಹಿಡಿಸಲಿಲ್ಲ ಅನ್ನುವವರು ಮೊದಲು ಅದರ ಮೇಲೆ ಮೇಲ್ಮನವಿ ಇದೆಯಾ ನೋಡಿ. ತಡೆಯಾಜ್ಞೆ ಕೊಟ್ಟರೂ ನಿರಾಕರಿಸಿದರೂ 43ನೇ ಆದೇಶದ 1(ಆರ್) ನಿಯಮದಲ್ಲಿ ಮೇಲ್ಮನವಿ ಇದೆ. ಹೈಕೋರ್ಟಿಗಲ್ಲದೆ ಬೇರೆ ಕೋರ್ಟಿಗೆ ಹಾಕುವುದಾದರೆ ಮೂವತ್ತು ದಿನದೊಳಗೆ ಹಾಕಬೇಕು. ಸರ್ಟಿಫೈಡ್ ಕಾಪಿಗೆ ಹಿಡಿದ ದಿನ ಲೆಕ್ಕಕ್ಕಿಲ್ಲ.

ನಾನು ಹಾಕಿದ್ದೇನೆ. ಈ ಬಾಗಿಲಿನಲ್ಲೂ ಹೊಸ್ತಿಲು ಎತ್ತರವೇ. ಕೆಳಗಿನವರು ವಿವೇಚನೆ ಬಳಸಿ ಕೊಟ್ಟ ಆದೇಶವನ್ನು, ‘ನಾನಾಗಿದ್ದರೆ ಬೇರೆ ಥರ ಬರೆಯುತ್ತಿದ್ದೆ’ ಅನ್ನುವ ಒಂದೇ ಕಾರಣಕ್ಕೆ ಮೇಲ್ಮನವಿ ಕೋರ್ಟು ಬದಲಾಯಿಸುವ ಹಾಗಿಲ್ಲ ಅಂತ 1990ರಲ್ಲೇ ವಾಂಡರ್ ಕೇಸಿನಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಮನಸ್ಸಿಗೆ ಬಂದಂತೆ ಬರೆದಿದ್ದಾರೆ, ಅಥವಾ ಗಟ್ಟಿಯಾಗಿ ನೆಲೆಯೂರಿದ ನಿಯಮ ಬಿಟ್ಟಿದ್ದಾರೆ ಅಂತ ತೋರಿಸಬೇಕು. ನಮ್ಮ ಹಿರಿಯ ವಕೀಲರು ಇದನ್ನು ಹೇಳಿದಾಗ ನನಗೆ ನಗು ಬಂತು. ‘ಯಾಕಮ್ಮಾ ನಗ್ತೀರಿ?’ ಅಂದರು. ಪೆನ್ಸಿಲ್ ಗೆರೆಯ ಕಥೆ ಹೇಳಿದೆ, ಅವರೂ ನಕ್ಕರು.

ಅವರೇ ಇನ್ನೊಂದು ಉಪಾಯ ಮಾಡಿದ್ದಾರೆ. ಕೋರ್ಟ್ ಕಮಿಷನರನ್ನು ನೇಮಿಸಿ ಓಣಿ ಅಳೆಸಬೇಕು ಅಂತ 26ನೇ ಆದೇಶದ 9ನೇ ನಿಯಮದಲ್ಲಿ ಕೆಳಗಿನ ಕೋರ್ಟಿಗೇ ಹೊಸ ಅರ್ಜಿ, ಐ.ಎ. 2. ಪಕ್ಕದವರು ಆಕ್ಷೇಪಣೆ ಹಾಕಿದರು, ವಾದ ಕಳೆದ ವಾರ ಮುಗಿಯಿತು. ಈ ಸಲ ನಾನೂ ಟೇಪು ಹಿಡಿದು ಗೋಡೆಯ ಬುಡದಿಂದ ನಮ್ಮ ಕಾಂಪೌಂಡಿನವರೆಗೆ ಮೂರು ಕಡೆ ಅಳೆದಿಟ್ಟುಕೊಂಡಿದ್ದೇನೆ. ಮೂರೂ ಕಡೆ ಬೇರೆ ಬೇರೆ ಬಂತು. ಬೆಳಿಗ್ಗೆ ಆ್ಯಪ್ ತೆಗೆದು ನೋಡಿದೆ: ‘ಐ.ಎ. 2ರ ಮೇಲೆ ಆದೇಶಕ್ಕೆ’. ಇದು ಒಂದನೇ ಸಲ.